ಹಿಡಿಯೊಳಗಿನ ತುಕ್ಕು

ಫೆಲಿಕ್ಸ್ ಅಂಕಲ್, ಆ ಕತ್ತಿಯ ತುಕ್ಕು ತೆಗೆದದ್ದು ನೀವಲ್ಲ. ನಾನು. ನಮ್ಮ ಅಡುಗೆಮನೆಯ ಸಿಂಕಿನಲ್ಲಿ, ಹುಣಸೆಹಣ್ಣು ಹಚ್ಚಿ, ಹಬ್ಬದ ಮರುದಿನ ಬೆಳಿಗ್ಗೆ. ಆಮೇಲೆ ನೀವು ಕೇಳಿದಾಗ ಇಲ್ಲವೆಂದೆ. ಇಲ್ಲವೆಂದಷ್ಟೇ ಅಲ್ಲ — ಅದು ನಿಮ್ಮದೇ ಕೈಕೆಲಸವೆಂದು ನೀವು ನಂಬುವಂತೆ ಇನ್ನೊಂದು ಮಾತನ್ನೂ ಸೇರಿಸಿದೆ. ಆ ಮಾತನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತಿದೆ. ಬರೆಯುತ್ತೇನೆ.

ನಿಮಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ. ನೀವು ಮರೆತಿರಬಹುದು ಎಂದಲ್ಲ — ಅಥವಾ, ಇರಲಿ, ಅದೂ ಒಂದು ಕಾರಣವೇ. ಇವತ್ತು ಸುಳ್ಳು ಹೇಳಬಾರದು ಎಂದುಕೊಂಡು ಕೂತಿದ್ದೇನೆ.

ನಾನೂ ನನ್ನ ಗಂಡ ಪ್ರಸನ್ನನೂ ಮೈಸೂರಿನಿಂದ ಪೆನಾಂಗಿನ ಬಯಾನ್ ಲೆಪಾಸ್‌ಗೆ ಬಂದ ಹೊಸತು. ಇಬ್ಬರಿಗೂ ಚಿಪ್ ಕಾರ್ಖಾನೆಯಲ್ಲಿ ಕೆಲಸ. ಕಾಂಡೋದ ಲಿಫ್ಟಿನಲ್ಲಿ ನಾನು ಫೋನಿನಲ್ಲಿ ತಂಗಿಯನ್ನು ಬೈಯುತ್ತಿದ್ದಾಗ ಪಕ್ಕದಲ್ಲಿ ನಿಂತಿದ್ದ ನೀವು, "ಮೈಸೂರಿನವಳಾ? ಇಷ್ಟು ಚಂದ ಬೈಯುವುದು ಕೇಳಿ ಎಷ್ಟು ಕಾಲ ಆಯ್ತು ಮಾರಾಯ್ತಿ" ಎಂದಿರಿ. ಮಂಗಳೂರಿನ ಕ್ಯಾಥೊಲಿಕರು, ಹಡಗು ಕಂಪನಿಯ ಆಫೀಸಿನಿಂದ ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದಾರೆ, ಮಗಳು ಶೆರಿಲ್ ಕೌಲಾಲಂಪುರದಲ್ಲಿದ್ದಾಳೆ — ಇಷ್ಟೂ ವಿಷಯ ಲಿಫ್ಟು ಕೆಳಗಿಳಿಯುವಷ್ಟರಲ್ಲಿ ಹೇಳಿಬಿಟ್ಟಿರಿ. ಕತ್ತಿಗಳ ವಿಷಯ ಮಾತ್ರ ಹೇಳಿರಲಿಲ್ಲ.

ಮೊದಲ ಸಲ ನಿಮ್ಮ ಮನೆಗೆ ಬಂದಾಗ ಯೇಸುವಿನ ಪಟ, ಹಿತ್ತಾಳೆಯ ಕ್ಯಾಂಡಲ್ ಸ್ಟ್ಯಾಂಡು ನೋಡಿ ಇದು ಇರಬೇಕಾದ್ದೇ ಎಂದುಕೊಂಡೆ. ಆಮೇಲೆ ಗಾಜಿನ ಕಪಾಟು ಕಂಡಿತು. ಅದರೊಳಗೆ ಜಪಾನಿನ ಹಳೆಯ ಕತ್ತಿಗಳು. ನನಗೆ ಆದದ್ದು ಭಯ, ಬೇರೇನೂ ಅಲ್ಲ. ಒಬ್ಬರೇ ಇರುವ ಮನುಷ್ಯ, ಮನೆ ತುಂಬ ಕತ್ತಿ — ಕಾಫಿ ಬೇಗ ಕುಡಿದು ಹೊರಟುಬಿಡೋಣ ಅನ್ನಿಸಿತ್ತು. ನೀವು ಬಿಳಿ ಬಟ್ಟೆ ಹಾಸಿ, ಒಂದನ್ನು ಒರೆಯಿಂದ ನಿಧಾನಕ್ಕೆ ಎಳೆದು, ಅಲಗನ್ನು ದೀಪಕ್ಕೆ ಓರೆಯಾಗಿ ಹಿಡಿದು, "ಇಲ್ಲಿ ನೋಡು" ಎಂದಿರಿ.

ನಾನು ದಿನವಿಡೀ ಸೂಕ್ಷ್ಮದರ್ಶಕದಲ್ಲಿ ಲೋಹ ನೋಡುವವಳು. ಆದರೂ ಅಂಥದ್ದನ್ನು ನೋಡಿರಲಿಲ್ಲ. ಉಕ್ಕಿನಲ್ಲಿ ಮರದ ಹಲಗೆಯಲ್ಲಿರುವಂಥ ಎಳೆಗಳು. ಅಂಚಿನುದ್ದಕ್ಕೂ, ಹಾಲು ಕಾಯಿಸಿದ ಪಾತ್ರೆಯ ಒಳಗೆ ಉಳಿಯುತ್ತದಲ್ಲ, ಅಂಥ ಒಂದು ಬಿಳಿಯ ಗೆರೆ. ನಾನು ಏನೋ ಹೇಳಲು ಬಾಯಿ ತೆರೆದೆ. "ಬಾಯಿ ಮುಚ್ಚು, ಉಗುಳು ಹಾರಿದರೆ ನಾಳೆಗೆ ತುಕ್ಕು" ಎಂದು ಗದರಿದಿರಿ. ಅಲಗಿನ ಮುಂದೆ ಮಾತಾಡಬಾರದು ಎನ್ನುವುದು ನಾನು ಕಲಿತ ಮೊದಲ ಪಾಠ.

ಎರಡನೆಯ ಪಾಠ ಬುಡದ್ದು. ಕತ್ತಿಯ ಹಿಡಿಯೊಳಗೆ ಅಡಗಿರುವ ಕಬ್ಬಿಣದ ಭಾಗ. ಜಪಾನಿನವರು ಅದನ್ನು ನಕಾಗೊ ಎನ್ನುತ್ತಾರೆ ಎಂದು ಹೇಳಿಕೊಟ್ಟಿರಿ. ಬಿದಿರಿನ ಸಣ್ಣ ಬೆಣೆಯನ್ನು ತಟ್ಟಿ ತೆಗೆದರೆ ಹಿಡಿ ಕಳಚುತ್ತದೆ, ಬುಡ ಹೊರಗೆ ಬರುತ್ತದೆ. ನುಣುಪಾದ ಅಲಗಿನ ಕೆಳಗೆ ಅದೊಂದು ಸುಟ್ಟ ಕಾವಲಿಯ ಬಣ್ಣದ ಒರಟು ಕಬ್ಬಿಣ. ಮಾಡಿದವನ ಹೆಸರು ಅದರ ಮೇಲೆ ಉಳಿಯಲ್ಲಿ ಕೊರೆದಿರುತ್ತದೆ. ಆ ತುಕ್ಕನ್ನು ಯಾರೂ ಎಂದೂ ತೆಗೆಯುವುದಿಲ್ಲ. ಅದರ ಬಣ್ಣ ನೋಡಿಯೇ ಕತ್ತಿಯ ವಯಸ್ಸು ತಿಳಿಯುವುದು, ಹೆಸರು ಹಳೆಯದೋ ನಿನ್ನೆ ಕೊರೆದದ್ದೋ ಎಂದು ಗೊತ್ತಾಗುವುದು. "ಅಲಗಿಗೆ ತುಕ್ಕು ಬಂದ್ರೆ ಕತ್ತಿ ಹಾಳು. ಬುಡದ ತುಕ್ಕು ಹೋದ್ರೆ, ನಿಮ್ಮವರ ಲೆಕ್ಕದಲ್ಲಿ ಹೇಳುದಾದ್ರೆ, ಜಾತಕವೇ ಹೋಯ್ತು" ಎಂದಿದ್ದಿರಿ. ಹಾಗಾಗಿ, ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ. ಗೊತ್ತಿತ್ತು.

ಆ ಒಂದು ಕತ್ತಿಯ ತುಕ್ಕು ನಿಮಗೆ ಇನ್ನೂ ಒಂದು ಕಾರಣಕ್ಕೆ ಬೇಕಾಗಿತ್ತು. ಜಾರ್ಜ್‌ಟೌನಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ನಿಮಗೆ ಸಿಕ್ಕಿದ್ದು ಅದು. ಈ ಊರಿನಲ್ಲಿ ಜಪಾನಿ ಕತ್ತಿ ಎಂದರೆ ಜನಕ್ಕೆ ನೆನಪಾಗುವುದು ಜಪಾನಿನ ಸೈನ್ಯ ಇಲ್ಲಿ ಆಳಿದ ಯುದ್ಧಕಾಲ. ನಿಮ್ಮ ಗೆಳೆಯ ಮಿಸ್ಟರ್ ತಿಯೋ ಅವರ ಮನೆಯಿಂದ ಆ ಕಾಲದಲ್ಲಿ ಕರೆದುಕೊಂಡು ಹೋದ ದೊಡ್ಡಪ್ಪ ವಾಪಸ್ ಬರಲಿಲ್ಲವಂತೆ. ತಿಯೋ ನಿಮ್ಮ ಮನೆಯ ಕತ್ತಿಗಳನ್ನು ಕೈ ಹಿಂದೆ ಕಟ್ಟಿಕೊಂಡೇ ನೋಡುತ್ತಿದ್ದರು. ಇದೊಂದನ್ನು ಮಾತ್ರ ಕೈಗೆ ತೆಗೆದುಕೊಂಡರು. ನೀವು ಬುಡ ತೋರಿಸಿ, ಇದು ನೂರಾರು ವರ್ಷದ ತುಕ್ಕು, ಯುದ್ಧಕಾಲದ ಕಾರ್ಖಾನೆಯ ಮಾಲಲ್ಲ, ನಿಮ್ಮ ದೊಡ್ಡಪ್ಪನ ಮೇಲೆ ಎತ್ತಲೆಂದು ಮಾಡಿದ ಕತ್ತಿ ಇದಲ್ಲ ಎಂದು ಹೇಳಿದಿರಿ. ಸರಿಯಾದ ಮಾತೋ ಅಲ್ಲವೋ, ಅವರು ನಂಬಿದರು. ಅಂದಿನಿಂದ ತಿಂಗಳಿಗೊಮ್ಮೆ ಶನಿವಾರ ಮಧ್ಯಾಹ್ನ ನಾವು ಮೂವರೂ ಕೂತು ಕತ್ತಿ ನೋಡುವುದು, ಆಮೇಲೆ ಕೆಳಗಿನ ಮಾಮಕ್ ಹೋಟೆಲಿನಲ್ಲಿ ತೇ ತಾರಿಕ್ ಚಹಾ ಕುಡಿಯುವುದು. ನನ್ನ ಪರದೇಶದ ಬದುಕಿನಲ್ಲಿ ಅಷ್ಟು ಸಂತೋಷ ಬೇರೆ ಎಲ್ಲೂ ಸಿಕ್ಕಿರಲಿಲ್ಲ. ಇದನ್ನು ಆಗಲೇ ನಿಮಗೆ ಹೇಳಬೇಕಿತ್ತು.

ಮೂರು ವರ್ಷದ ಹಿಂದೆ ನಿಮ್ಮ ಅಕ್ಕನಿಗೆ ಕಾಯಿಲೆಯೆಂದು ಮಂಗಳೂರಿಗೆ ಹೊರಟಿರಿ. ಮುಚ್ಚಿದ ಮನೆ, ಪೆನಾಂಗಿನ ತೇವ. ಉಳಿದ ಕತ್ತಿಗಳಿಗೆ ಎಣ್ಣೆ ಹಚ್ಚಿ ಸುತ್ತಿಟ್ಟಿರಿ. ಇದನ್ನು ಮಾತ್ರ ಗಾಲ್ಫ್ ಬ್ಯಾಗಿನಲ್ಲಿ ಹಾಕಿಕೊಂಡು ನಮ್ಮ ಬ್ಲಾಕಿಗೆ ತಂದಿರಿ. ವಾರಕ್ಕೊಮ್ಮೆ ಅಲಗು ಒರೆಸಿ ಲವಂಗದ ಎಣ್ಣೆ ಹಚ್ಚಬೇಕು. "ಹಿಡಿ ಬಿಚ್ಚುದು ಬೇಡ ಆಯ್ತಾ. ಅಲಗು ಮಾತ್ರ." ಅಷ್ಟೇ ಹೇಳಿದ್ದು. ನನ್ನನ್ನು ನಂಬಿದ್ದಿರಿ.

ನವರಾತ್ರಿ ಬಂತು. ಇಲ್ಲಿ ಆಯುಧಪೂಜೆಗೆ ರಜೆ ಇಲ್ಲ. ನಾನು ರಜೆ ಹಾಕಿದೆ. ತಮಿಳರ ಅಂಗಡಿಯಿಂದ ನಿಂಬೆಹಣ್ಣು, ಬೂದುಗುಂಬಳಕಾಯಿ ತಂದೆ. ಕಾರ್ ಪಾರ್ಕಿನಲ್ಲಿ ಕುಂಬಳಕಾಯಿ ಒಡೆಯಲು ಹೋದರೆ ಗಾರ್ಡು ಓಡಿಬಂದು ಅವರ ಭಾಷೆಯಲ್ಲಿ ಅಕ್ಕಾ ಎಂದು ಕರೆದು, "ಕಾಕ್, ಇಲ್ಲಿ ಬೇಡ ಲಾ" ಎಂದು ಕೈಮುಗಿದ. ಕಾರು, ಲ್ಯಾಪ್‌ಟಾಪು, ಮಿಕ್ಸಿ, ಈಳಿಗೆಮಣೆ ಎಲ್ಲಕ್ಕೂ ಕುಂಕುಮ ಇಟ್ಟೆ. ಆಮೇಲೆ — ಮನೆಯಲ್ಲಿ ನಿಜವಾದ ಆಯುಧ ಇರುವಾಗ ಮಿಕ್ಸಿಗೆ ಪೂಜೆ ಮಾಡಿ ಅದನ್ನು ಮೂಲೆಯಲ್ಲಿ ಬಿಡುವುದು ಹೇಗೆ?

ಹಾಗೇ ಮುಂದೆ ಒಂದು ಹೂವು ಇಟ್ಟಿದ್ದರೆ ಸಾಕಿತ್ತು. ಪೂಜೆ ಅಂದ ಮೇಲೆ ಅರಿಸಿನ ಕುಂಕುಮ ತಾಗಬೇಕು ಎನ್ನುವುದು ನನ್ನ ತಲೆಯಲ್ಲಿ. ಅಲಗಿಗೆ ಬೆರಳು ಸೋಕಬಾರದು, ಅದು ಗೊತ್ತು. ಒರೆ ಅರಗಿನದು, ಕಲೆಯಾಗುತ್ತದೆ. ಹಿಡಿಗೆ ಸುತ್ತಿರುವುದು ರೇಷ್ಮೆ ದಾರ. ಆಗ ನನ್ನ ಅತಿಬುದ್ಧಿ ಓಡಿತು — ಬುಡ ಹೇಗೂ ತುಕ್ಕು ಹಿಡಿದದ್ದು, ಹಿಡಿಯೊಳಗೆ ಮುಚ್ಚಿಹೋಗುವಂಥದ್ದು. ಅಲ್ಲಿ ಇಟ್ಟರೆ ಶಾಸ್ತ್ರವೂ ಆಯಿತು, ಯಾರಿಗೂ ಕಾಣುವುದೂ ಇಲ್ಲ. ಬೆಣೆ ತಟ್ಟಿದೆ. ಹಿಡಿ ಕಳಚಿದೆ. ಆ ಕಪ್ಪು ಕಬ್ಬಿಣದ ಮೇಲೆ ನೀರಿನಲ್ಲಿ ಕಲಸಿದ ಅರಿಸಿನ ಬಳಿದು ಕುಂಕುಮವಿಟ್ಟು, ಕುಂಕುಮ ಹಚ್ಚಿದ ನಿಂಬೆಹೋಳನ್ನು ಪಕ್ಕದಲ್ಲೇ ಇಟ್ಟು ಮಂಗಳಾರತಿ ಎತ್ತಿದೆ. ಪೂಜೆ ಮಾಡಿದ್ದನ್ನು ಅಂದೇ ಕದಲಿಸಬಾರದಲ್ಲ. ಹಾಗೇ ಬಿಟ್ಟೆ.

ವಿಜಯದಶಮಿಯ ಬೆಳಿಗ್ಗೆ ನೋಡಿದರೆ ನಿಂಬೆಹೋಳು ಉರುಳಿ ಬುಡಕ್ಕೆ ಒರಗಿಕೊಂಡಿತ್ತು. ಅರಿಸಿನ, ಕುಂಕುಮ, ನಿಂಬೆರಸ ಎಲ್ಲ ಸೇರಿ ತುಕ್ಕಿನೊಳಗೆ ಇಳಿದು ಇಟ್ಟಿಗೆ ಬಣ್ಣದ ದೊಡ್ಡ ಕಲೆ. ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ಎಣ್ಣೆ ಹಚ್ಚಿದೆ, ಇನ್ನೂ ಹರಡಿತು. ಆಗಲೇ ಫೋನ್ ಮಾಡಿ, ಅಂಕಲ್ ಹೀಗಾಯಿತು ಎಂದಿದ್ದರೆ — ನೀವು ಬೈಯುತ್ತಿದ್ದಿರಿ. ಎರಡು ದಿನ ಮಾತು ಬಿಡುತ್ತಿದ್ದಿರೇನೋ. ಅಷ್ಟೇ. ಕಲೆ ಕಲೆಯಾಗಿಯೇ ಉಳಿಯುತ್ತಿತ್ತು, ಅದರ ಕೆಳಗೆ ತುಕ್ಕೂ ಇರುತ್ತಿತ್ತು.

ಭಯವಾದಾಗ ಮನುಷ್ಯರು ಅಮ್ಮನ ಮನೆಗೆ ಓಡುತ್ತಾರಂತೆ. ನನ್ನ ಕೈ ಓಡಿದ್ದು ಹುಣಸೆಹಣ್ಣಿನ ಡಬ್ಬಿಗೆ. ಮೈಸೂರಿನಲ್ಲಿ ಹಬ್ಬದ ಹಿಂದಿನ ದಿನ ದೀಪದ ಕಂಬಗಳನ್ನು ಉಜ್ಜುವುದು ಚಿಕ್ಕಂದಿನಿಂದ ನನ್ನ ಪಾಲಿನ ಕೆಲಸ. ಎಂಥ ಕಲೆಯೂ ಹುಣಸೆಹಣ್ಣು, ಉಪ್ಪಿಗೆ ನಿಲ್ಲುತ್ತಿರಲಿಲ್ಲ. ಕಲೆಯಿದ್ದಷ್ಟು ಜಾಗಕ್ಕೆ ಮಾತ್ರ ಎಂದುಕೊಂಡು ಹಚ್ಚಿದೆ. ಅಷ್ಟು ಜಾಗ ಬೆಳ್ಳಗಾಯಿತು. ಸುತ್ತಲಿನದು ಕಪ್ಪಾಗಿ ಎದ್ದು ಕಂಡಿತು. ಸಮ ಮಾಡಲು ಇನ್ನಷ್ಟು ಹಚ್ಚಿದೆ, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರು ತೆಗೆದುಕೊಂಡೆ. ಅಂಕಲ್, ಕಾರ್ಖಾನೆಯಲ್ಲಿ ನನ್ನ ಕೆಲಸ ಏನು ಗೊತ್ತಲ್ಲ? ಕೆಟ್ಟುಹೋದ ಚಿಪ್ಪಿನ ಪದರಗಳನ್ನು ಆಮ್ಲದಿಂದ ಕರಗಿಸಿ, ಒಳಗಿನ ದೋಷ ಹುಡುಕುವುದು. ಆಮ್ಲ ಏನು ಮಾಡುತ್ತದೆ ಎಂದು ಸಂಬಳ ತೆಗೆದುಕೊಂಡು ಹೇಳುವವಳು ನಾನು. ಹುಣಸೆಹಣ್ಣು ಆಮ್ಲವೆಂದು ಆ ಬೆಳಿಗ್ಗೆ ಹೊಳೆಯಲೇ ಇಲ್ಲ — ಅದು ನನಗೆ ಹುಣಸೆಹಣ್ಣು, ಅಷ್ಟೆ.

ನೂರಾರು ವರ್ಷದ ತುಕ್ಕು ಸಿಂಕಿನಲ್ಲಿ ತಿಳಿಸಾರಿನ ಬಣ್ಣದ ನೀರಾಗಿ ಹೋಯಿತು. ಕೈಯಲ್ಲಿ ಉಳಿದದ್ದು ಬೂದು ಬಣ್ಣದ ಬೋಳು ಕಬ್ಬಿಣ. ಆ ಹೆಸರಿನ ಎರಡು ಅಕ್ಷರಗಳು ಬೆಳ್ಳಗೆ, ಈಗ ತಾನೆ ಯಾರೋ ಕೊರೆದು ಎದ್ದುಹೋದಂತೆ ಕಾಣುತ್ತಿದ್ದವು. ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಪ್ರಸನ್ನ ಏನಾಯಿತೆಂದು ಕೇಳಿದರೆ ತಲೆ ಸುತ್ತು ಎಂದೆ. ಮೊದಲ ಸುಳ್ಳು ಅವನಿಗೆ. ಆಮೇಲೆ ಬುಡವನ್ನು ಒಣಗಿಸಿ, ಹಿಡಿ ತೊಡಿಸಿ, ಬೆಣೆ ತಟ್ಟಿ, ಎಂದಿನಂತೆ ಅಲಗಿಗೆ ಎಣ್ಣೆ ಹಚ್ಚಿ ಇಟ್ಟೆ. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ.

ನೀವು ಅಕ್ಕನನ್ನು ಮಣ್ಣು ಮಾಡಿ ವಾಪಸ್ ಬಂದಿರಿ. ಸೋತಿದ್ದಿರಿ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು, ಒಲೆಯ ಮೇಲೆ ಕೆಟಲ್ ಮರೆಯುವುದು, ಒಮ್ಮೆ ಮಾಲ್‌ನಲ್ಲಿ ಕಾರು ನಿಲ್ಲಿಸಿದ ಮಹಡಿ ನೆನಪಾಗದೆ ನನಗೆ ಫೋನ್ ಮಾಡಿದ್ದು. ಡಾಕ್ಟರು, ವಯಸ್ಸಾಯಿತು, ದುಃಖವೂ ಇದೆ, ಹೆದರಬೇಡಿ ಎಂದಿದ್ದರು. ನೀವೂ ಅದನ್ನೇ ಹೇಳಿಕೊಂಡು ನಗುತ್ತಿದ್ದಿರಿ. ಕತ್ತಿ ತೆಗೆದುಕೊಂಡು ಹೋಗುವಾಗ ಅಲಗನ್ನು ನೋಡಿ, "ಚಂದ ನೋಡಿಕೊಂಡಿದ್ದಿ" ಎಂದಿರಿ. ಹೇಳಲು ಅದು ಎರಡನೆಯ ಅವಕಾಶವಾಗಿತ್ತು.

ಕ್ರಿಸ್‌ಮಸ್ ಹತ್ತಿರದ ಆ ಶನಿವಾರ. ಶೆರಿಲ್ ಬಂದಿದ್ದಳು. ತಿಯೋ ಬಂದಿದ್ದರು. ಬರದೇ ಇರೋಣ ಎಂದು ನಾನು ಬೆಳಗಿನಿಂದ ಹತ್ತು ನೆಪ ಯೋಚಿಸಿದ್ದೆ; ಬರದಿದ್ದರೆ ಅನುಮಾನ ಬಂದೀತು ಎಂದು ಬಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಯಾರೂ ಏನೂ ಅನ್ನುವ ಮೊದಲೇ ಮುಟ್ಟಿಕೊಳ್ಳುತ್ತಿದ್ದೆ. ನೀವು ಬೆಣೆ ತಟ್ಟುವ ಸಣ್ಣ ಸದ್ದು ಕೇಳಿತು. ಹಿಡಿ ಕಳಚಿತು.

ತಿಯೋ ಬಾಗಿ ನೋಡಿದರು, ನಿಧಾನಕ್ಕೆ ಎರಡೂ ಕೈಗಳನ್ನು ಮತ್ತೆ ಬೆನ್ನ ಹಿಂದೆ ಕಟ್ಟಿಕೊಂಡರು. ನೀವು ನನ್ನ ಕಡೆ ತಿರುಗಿದಿರಿ. ಕೋಪ ಇರಲಿಲ್ಲ ನಿಮ್ಮ ಮುಖದಲ್ಲಿ.

"ವಿನುತಾ, ನಿನ್ನ ಹತ್ರ ಇದ್ದಾಗ ಹಿಡಿ ಬಿಚ್ಚಿದ್ದಿಯಾ ಮಾರಾಯ್ತಿ?"

"ಇಲ್ಲ ಅಂಕಲ್. ನಾನು ಬಿಚ್ಚೇ ಇಲ್ಲ."

ಶೆರಿಲ್ ಮೆಲ್ಲಗೆ, "ಡ್ಯಾಡಿ, ಮೇ ಬಿ ಯು ಡಿಡ್ ಇಟ್, ಅಂಡ್ ಯು ಫರ್ಗಾಟ್?" ಎಂದಳು. ನೀವು ತಲೆಯಾಡಿಸಿದಿರಿ. ಇಲ್ಲ, ಇದನ್ನು ನಾನು ಕನಸಿನಲ್ಲೂ ಮಾಡುವವನಲ್ಲ ಎಂದಿರಿ. ನಿಮ್ಮ ಕಣ್ಣು ಮತ್ತೆ ನನ್ನ ಕಡೆ ಬಂತು. ಅನುಮಾನದಿಂದಲ್ಲ, ಸಹಾಯ ಕೇಳಲು — ಅದು ನನಗೆ ಈಗ ಗೊತ್ತು. ಆಗ ಮಾತ್ರ ಸಿಕ್ಕಿಬಿದ್ದೆ ಎಂದುಕೊಂಡೆ. ಆಗ ಹೇಳಿದ ಮಾತು ಇದು:

"ಮೊನ್ನೆ ನೀವು ಕ್ಯಾಂಡಲ್ ಸ್ಟ್ಯಾಂಡ್‌ಗೆ ಪಾಲಿಶ್ ಹಾಕ್ತಾ ಕೂತಿದ್ರಲ್ಲ ಅಂಕಲ್. ಆಗ ಕತ್ತೀನೂ ಟೇಬಲ್ ಮೇಲೆ ಇತ್ತು."

ಇರಲಿಲ್ಲ. ಕತ್ತಿ ಕಪಾಟಿನಲ್ಲಿತ್ತು. ಪಾಲಿಶ್ ಹಾಕುತ್ತಿದ್ದದ್ದು ನಿಜ. ನಿಜದ ಪಕ್ಕದಲ್ಲಿ ಸುಳ್ಳನ್ನು ಅಷ್ಟು ಅಚ್ಚುಕಟ್ಟಾಗಿ ಇಡುವುದು ನನಗೆ ಬರುತ್ತದೆ ಎಂದು ಅಂದೇ ಗೊತ್ತಾದದ್ದು. ನೀವು ನಿಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಿರಿ. ಆಮೇಲೆ ಶೆರಿಲ್‌ಗೆ ಹೇಳಿದಿರಿ: "ವಿನುತಾ ಸುಳ್ಳು ಹೇಳುವವಳಲ್ಲ. ಅವಳು ಇಲ್ಲ ಅಂದ್ರೆ ಇಲ್ಲ. ಹಾಗಾದ್ರೆ ನಾನೇ."

ಆ ಹೊತ್ತಿನಲ್ಲಿ ನಿಮ್ಮ ಮುಖದಲ್ಲಿ ಬಂದ ಭಯವಿದೆಯಲ್ಲ — ನಾನು ಅಷ್ಟು ದಿನ ಪಟ್ಟ ಭಯ ಅದರ ಮುಂದೆ ಏನೂ ಅಲ್ಲ. ನನಗೆ ಇನ್ನೊಬ್ಬರ ಭಯವಿತ್ತು. ನಿಮಗೆ ನಿಮ್ಮದೇ ಭಯ ಶುರುವಾಯಿತು. ಶುರು ಮಾಡಿದವಳು ನಾನು, ಮತ್ತು ಎದುರಿಗೆ ಕೂತು ನಿಮಗೆ ನೀರು ತಂದುಕೊಟ್ಟೆ.

ತಿಯೋ ಆ ನಂತರ ಬರಲಿಲ್ಲ. ಕಾರಿನ ಕೀಲಿಯನ್ನು ನೀವೇ ಶೆರಿಲ್‌ಗೆ ಕೊಟ್ಟಿರಿ. ಕತ್ತಿಗಳನ್ನೆಲ್ಲ ಅವಳು ಬೀಗ ಹಾಕಿಟ್ಟಳು, ನಿಮ್ಮನ್ನು ನೋಡಿಕೊಳ್ಳಲೆಂದು ಗಂಡನ ಜೊತೆ ಪೆನಾಂಗಿಗೇ ಬಂದಳು, ಆಮೇಲೆ ಅವಳಿಗೆ ಹೆಣ್ಣು ಮಗುವಾಯಿತು. ನೀವು ಪ್ರತಿಯೊಂದನ್ನೂ ಕೇಳತೊಡಗಿದಿರಿ. ಗ್ಯಾಸ್ ಆರಿಸಿದೆನಾ? ಮಾತ್ರೆ ತಗೊಂಡೆನಾ? ಒಮ್ಮೆ ಬೆಳಿಗ್ಗೆ ಫೋನ್ ಮಾಡಿ, "ನಿನ್ನೆ ನಿಮ್ಮಲ್ಲಿಗೆ ಬಂದಿದ್ದೆನಾ? ಬಂದು ಏನಾದ್ರೂ ಮಾಡಿದೆನಾ?" ಎಂದಿರಿ. ಬಂದಿರಲಿಲ್ಲ ಎಂದೆ. "ನೀನು ಹೇಳಿದ್ರೆ ಸರಿ" ಎಂದು ಇಟ್ಟಿರಿ. ನಿಮ್ಮ ಹೆಸರು ಫೋನಿನಲ್ಲಿ ಮೂಡಿದರೆ ಇವತ್ತಿಗೂ ನಾಲ್ಕು ಸಲ ರಿಂಗಾಗಲು ಬಿಟ್ಟೇ ಎತ್ತುತ್ತೇನೆ. ಸಾರಿಗೆ ಹುಣಸೆಹಣ್ಣು ಕಿವುಚುವಾಗ ನೀರಿನ ಬಣ್ಣ ನೋಡದೆ ಮುಖ ತಿರುಗಿಸುತ್ತೇನೆ. ಆಯುಧಪೂಜೆಯನ್ನು ಬಿಟ್ಟಿದ್ದೇನೆ, ಪ್ರಸನ್ನ ಕೇಳಿದರೆ, ಇಲ್ಲಿ ರಜೆ ಎಲ್ಲಿದೆ ಎನ್ನುತ್ತೇನೆ.

ಎಲ್ಲ ಮರೆವೂ ನನ್ನಿಂದ ಬಂದದ್ದಲ್ಲ, ವಯಸ್ಸು ಅದರ ಪಾಡಿಗೆ ಅದು ಕೆಲಸ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ, ಬಹಳ ಸಲ. ಆಫೀಸಿನಲ್ಲಿ ಯಾರಾದರೂ ಇಂಥ ಮಾತು ಬರೆದು ತಂದರೆ, ಮೂಲ ಕಾರಣ ಹುಡುಕಿ ತನ್ನಿ ಎಂದು ವಾಪಸ್ ಕಳಿಸುತ್ತೇನೆ. ಮರೆವು ನಿಮಗಿತ್ತು. ಅದಕ್ಕೆ ಹೆದರಿರಲಿಲ್ಲ ನೀವು. ಹೆದರುವುದಕ್ಕೆ ಒಂದು ಸಾಕ್ಷಿ ಬೇಕಾಗಿತ್ತು, ಅದನ್ನು ಒದಗಿಸಿದವಳು ನಾನು.

ಕಳೆದ ಭಾನುವಾರದವರೆಗೂ ಇದನ್ನು ಹೀಗೇ ಮುಚ್ಚಿಕೊಂಡು ಹೋಗಬಹುದು ಎಂದುಕೊಂಡಿದ್ದೆ. ಶೆರಿಲ್ ಬಾಗಿಲಿಗೆ ಬಂದ ತಪಾವ್ ಪಾರ್ಸಲ್ ಊಟ ತೆಗೆದುಕೊಳ್ಳಲು ಎದ್ದು, ಮಗುವನ್ನು ಒಂದು ನಿಮಿಷ ಹಿಡಿದುಕೊಳ್ಳಿ ಎಂದು ನಿಮ್ಮ ಕಡೆ ಚಾಚಿದಳು. ನಿಮ್ಮ ಮೊಮ್ಮಗಳು, ನಿಮ್ಮ ಹೆಂಡತಿಯ ಹೆಸರಿಟ್ಟುಕೊಂಡವಳು, ಎರಡೂ ಕೈ ಮುಂದೆ ಮಾಡಿ ಬಂದಳು. ನೀವು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಸರಿದಿರಿ. "ನನ್ನ ಕೈಗೆ ಬೇಡ. ವಿನುತಾ, ನೀನು ತಗೋ." ಆಮೇಲೆ, ಮಗು ನನ್ನ ತೊಡೆಯ ಮೇಲಿರುವಾಗ, ಶೆರಿಲ್‌ಗೆ ಕೇಳದಂತೆ ನನಗೆ ಹೇಳಿದಿರಿ — ಈ ಕೈಗಳು ನನ್ನನ್ನು ಕೇಳದೆ ಕೆಲಸ ಮಾಡ್ತವೆ ಮಾರಾಯ್ತಿ, ಕತ್ತಿಯದ್ದು ನಿನಗೆ ಗೊತ್ತುಂಟಲ್ಲ. ನನ್ನನ್ನು ಯಾವುದಾದರೂ ಓಲ್ಡ್ ಏಜ್ ಹೋಮಿಗೆ ಸೇರಿಸು ಅಂತ ಶೆರಿಲ್‌ಗೆ ಹೇಳಿದ್ದೇನೆ, ಮಗು ಇರುವ ಮನೆಯಲ್ಲಿ ನಾನು ಇರುದು ಸರಿಯಲ್ಲ. ಅವಳು ಒಪ್ಪುದಿಲ್ಲ, ನೀನು ಸ್ವಲ್ಪ ಹೇಳು, ನಿನ್ನ ಮಾತು ಕೇಳ್ತಾಳೆ.

ಮಗು ನನ್ನ ಬಳೆ ಎಳೆಯುತ್ತಿತ್ತು. ನೋಡೋಣ ಅಂಕಲ್ ಎಂದು ಎದ್ದು ಬಂದೆ. ಅದು ಎಷ್ಟನೆಯ ಅವಕಾಶವೋ, ಲೆಕ್ಕ ಇಟ್ಟಿಲ್ಲ.

ಇದನ್ನು ಕನ್ನಡದಲ್ಲಿ ಬರೆಯುತ್ತಾ ಬಂದೆ. ನೀವು ಓದಬಲ್ಲಿರಿ. ಶೆರಿಲ್‌ಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅರ್ಧ ಬರೆದ ಮೇಲೆ ಹೊಳೆಯಿತು, ಇದನ್ನು ನಿಮ್ಮ ಕೈಗಿತ್ತು ಬಂದುಬಿಟ್ಟರೆ ಅವಳಿಗೆ ಎಂದೂ ಗೊತ್ತಾಗುವುದಿಲ್ಲ. ನೀವು ಓದಿ ಕ್ಷಮಿಸುತ್ತೀರಿ — ನೀವು ಅಂಥವರು — ಆಮೇಲೆ ಮರೆಯಲೂಬಹುದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ಇದೂ ಮುಗಿದುಹೋಗುತ್ತದೆ. ಅದಕ್ಕೇ ಇದನ್ನು ಕೊಡುವುದಿಲ್ಲ. ತಂದು, ಶೆರಿಲ್ ಎದುರಿಗೇ, ಗಟ್ಟಿಯಾಗಿ ಓದುತ್ತೇನೆ. ಆಮೇಲೆ ತಿಯೋ ಅವರ ಮನೆಗೂ ಹೋಗಿ ಹೇಳುತ್ತೇನೆ. ಪ್ರಸನ್ನನಿಗೆ ಇವತ್ತೇ. ಹೆದರಿಕೆ ಹೋಗಿಲ್ಲ; ಶೆರಿಲ್ ನನ್ನನ್ನು ಮತ್ತೆ ಮನೆಯೊಳಗೆ ಬಿಡದಿರಬಹುದು, ಬಿಡಬೇಕಾಗಿಯೂ ಇಲ್ಲ.

ನೀವು ಇದನ್ನು ಮರೆತರೆ ಮತ್ತೆ ಬಂದು ಹೇಳುತ್ತೇನೆ, ಅವಳು ಬಿಟ್ಟರೆ ಒಳಗೆ ಕೂತು, ಬಿಡದಿದ್ದರೆ ಬಾಗಿಲಲ್ಲಿ ನಿಂತು. ನೀವು ಮರೆತಷ್ಟು ಸಲವೂ, ಮೊದಲ ಸಲದ ನಾಚಿಕೆಯಲ್ಲೇ ಹೇಳಬೇಕಾಗುತ್ತದೆ. ಅದು ನನಗೆ ಸಲ್ಲಬೇಕಾದದ್ದೇ. ಆ ತುಕ್ಕನ್ನು ವಾಪಸ್ ತರಲು ನನ್ನ ಕೈಯಲ್ಲಿ ಆಗುವುದಿಲ್ಲ. ನಾಳೆ ಚರ್ಚಿನಿಂದ ನೀವು ಬರುವ ಹೊತ್ತಿಗೆ ಕೆಳಗೆ ಲಿಫ್ಟಿನ ಹತ್ತಿರ ನಿಂತಿರುತ್ತೇನೆ. ಓದುವುದಕ್ಕೂ ಮೊದಲು, ಇಷ್ಟನ್ನು ಬಾಯಿಬಿಟ್ಟು ಹೇಳಬೇಕು: ಅಂಕಲ್, ಮಗುವನ್ನು ಎತ್ತಿಕೊಳ್ಳಿ. ನಿಮ್ಮ ಕೈ ಏನೂ ಮಾಡಿಲ್ಲ.